ಕಂಬ ಏರಿಸುವ ಲೆಕ್ಕ, ಇಳಿಸುವ ಲೆಕ್ಕ

(ಗೋರೆಗಾಂವ್‌ನಲ್ಲಿ ನಡೆದ ಭಾನುವಾರದ ಕೂಟದಲ್ಲಿ ಆಡಿದ ಮಾತಿನ ಬರಹರೂಪ. ವಿಡಿಯೋ ನೋಡಲು ಪುರುಸೊತ್ತಿಲ್ಲದವರಿಗಾಗಿ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ಇವತ್ತು ಮೆಗಾಬ್ಲಾಕ್ ಉಂಟು, ಅದರ ಮೇಲೆ ಮಳೆ ಬೇರೆ. ಆದ್ರೂ ಠಾಣೆ, ಡೊಂಬಿವಲಿ ಕಡೆಯಿಂದೆಲ್ಲ ಬಂದಿದ್ದೀರಿ. ಹಾಗಾಗಿ ನೇರ ವಿಷಯಕ್ಕೆ ಬರ್ತೇನೆ.

ನಾನು ಆಫೀಸಿನಲ್ಲಿ ಡೇಟಾಬೇಸ್ ನೋಡಿಕೊಳ್ಳುವವ. ಊರು ಪುತ್ತೂರು ಕಡೆ, ಮನೆಯಲ್ಲಿ ಅಡಿಕೆ ತೋಟ. ಹವ್ಯಾಸ ಹ್ಯಾಮ್ ರೇಡಿಯೋ. ಪರೀಕ್ಷೆ ಬರೆದು ಸರ್ಕಾರದಿಂದ ಪರವಾನಗಿ ತಗೊಂಡು, ಮನೆಯಲ್ಲೇ ಒಂದು ರೇಡಿಯೋ ಸ್ಟೇಷನ್ ಇಟ್ಕೊಂಡು ಬೇರೆ ಊರಿನವರ ಜತೆ ಮಾತಾಡೋದು. ಈ ಹುಚ್ಚು ಹಿಡಿದದ್ದು 2005ರ ಜುಲೈ 26ಕ್ಕೆ. ಇಲ್ಲಿ ಅರ್ಧ ಜನಕ್ಕೆ ಆ ತಾರೀಕು ನೆನಪಿದೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನಾನು ಸೀಪ್ಝ್‌ನಿಂದ ಗೋರೆಗಾಂವ್‌ಗೆ ಸೊಂಟದ ಮಟ್ಟದ ನೀರಿನಲ್ಲಿ ನಡೆದು ಬಂದೆ. ಕಿಸೆಯಲ್ಲಿ ಮೊಬೈಲ್ ಇತ್ತು, ಸಿಗ್ನಲ್ ಇರಲಿಲ್ಲ. ಊರಿನಲ್ಲಿ ಅಮ್ಮ ಎರಡು ದಿನ ಟಿವಿ ಮುಂದೆ ಕೂತಿದ್ದಳಂತೆ. ಅದರ ನಂತರ ರೇಡಿಯೋ ಕಲಿಯಬೇಕು ಅಂತ ಆಯಿತು.

ರೇಡಿಯೋ ಕಲಿತವನಿಗೆ ಮೊದಲ ತಲೆನೋವು ರೇಡಿಯೋ ಅಲ್ಲ, ಕಂಬ. ಆಂಟೆನಾ ಎಷ್ಟು ಮೇಲಿದ್ದರೆ ಅಷ್ಟು ಒಳ್ಳೇದು. ಆದರೆ ನಾವಿರೋದು ಸೊಸೈಟಿಯಲ್ಲಿ. ನಮ್ಮ ಸೆಕ್ರೆಟರಿ ಕಾಕಾ ಕೇಳಿದ್ದು ಒಂದೇ ಪ್ರಶ್ನೆ: "ಹಾ ಟಾವರ್ ಪಡಲಾ ತರ?" ಈ ಟವರ್ ಬಿದ್ರೆ? ಆಗ ನನಗೆ ಸಿಟ್ಟು ಬಂದಿತ್ತು. ಈಗ ಅನಿಸ್ತದೆ, ಇಡೀ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಅದೇ.

ಶಾಶ್ವತ ಕಂಬ ಬೇಡ, ಬೇಕಾದಾಗ ಎತ್ತಿ ಬೇಡದಾಗ ಮಲಗಿಸುವ ಕಂಬ ಮಾಡ್ತೇನೆ ಅಂತ ಒಪ್ಪಿಸಿದೆ. ಅಲ್ಲಿಂದ ಕಥೆ ಶುರು. ಅದಕ್ಕೆ ಮೊದಲು ಒಂದು ಕೋಲು ನೋಡಿ. ನಮ್ಮನೆಯ ಬಲೆ ತೆಗೆಯುವ ಕೋಲು ಇದು, ಹೆಂಡತಿಗೆ ಹೇಳದೆ ತಂದದ್ದು. ತುದಿಗೆ ಒಂದು ಲೀಟರ್ ನೀರಿನ ಬಾಟ್ಲಿ ಕಟ್ಟಿದ್ದೇನೆ. ಪುಟ್ಟಾ, ನೀನು ಬಾ. ಬುಡ ಹಿಡ್ಕೊಂಡು ನೆಟ್ಟಗೆ ನಿಲ್ಲಿಸು. ಸುಲಭ ಅಲ್ವಾ? ಈಗ ನಿಧಾನ ಅಡ್ಡ ಮಾಡು. ಇನ್ನೂ ಅಡ್ಡ. (ನಗು) ಬಾಟ್ಲಿಯೂ ಅದೇ, ಕೋಲೂ ಅದೇ. ತೂಕ ಒಂದು ಗ್ರಾಂ ಹೆಚ್ಚಾಗಲಿಲ್ಲ. ಆದರೆ ಇವನ ಮಣಿಕಟ್ಟು ತಡೀಲಿಲ್ಲ.

ಬಾಗಿಸುವ ಕಂಬದ ಎಲ್ಲ ವಿಚಾರವೂ ಇಷ್ಟೇ. ನಿಂತ ಕಂಬಕ್ಕೆ ಗಾಳಿಯೊಂದು ಬಿಟ್ಟು ಬೇರೆ ಕಷ್ಟ ಇಲ್ಲ. ಕಷ್ಟ ಇರೋದು ಮಲಗುವಾಗ, ಏಳುವಾಗ. ನಾವು ವಿನ್ಯಾಸ ಮಾಡುವಾಗ ಮಾತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳೋದು ನಿಂತ ಕಂಬದ ಚಿತ್ರ.

ನನ್ನ ಮೊದಲ ಕಂಬದ ಲೆಕ್ಕ ಹೇಳ್ತೇನೆ. 9 ಮೀಟರ್ ಅಲ್ಯೂಮಿನಿಯಂ ಪೈಪು, 18 ಕೆಜಿ. ತುದಿಯಲ್ಲಿ ಆಂಟೆನಾ, ಅದರ ಕ್ಲಾಂಪು ಎಲ್ಲ ಸೇರಿ 6 ಕೆಜಿ. ಒಟ್ಟು 24. ಅಕ್ಕಿ ಮೂಟೆಗಿಂತ ಕಡಿಮೆ, ಇದೆಂತ ಮಹಾ ಅಂದುಕೊಂಡೆ. ಬುಡದಲ್ಲಿ ಒಂದು ತಿರುಗಣೆ, ಅಂದ್ರೆ ಬಾಗಿಲಿನ ಹಿಂಜ್ ತರಹ. ಕಂಬ ಅಡ್ಡ ಮಲಗಿದಾಗ ಆ ಹಿಂಜಿನ ಸುತ್ತ ಬರುವ ತಿರುಚು ಬಲ: ಪೈಪಿನ 18 ಕೆಜಿ ನಡುವಿನಲ್ಲಿ, ಅಂದ್ರೆ ನಾಲ್ಕೂವರೆ ಮೀಟರಿನಲ್ಲಿ, ಅದು 81. ಆಂಟೆನಾದ 6 ಕೆಜಿ 9 ಮೀಟರಿನಲ್ಲಿ, ಅದು 54. ಒಟ್ಟು 135 ಕೆಜಿ-ಮೀಟರ್. ತುದಿ ಹಿಡಿದು ಎತ್ತಿದ್ರೆ 15 ಕೆಜಿ ಅಷ್ಟೇ, ಸುಲಭ. ಇಲ್ಲೇ ಮೋಸ ಹೋಗೋದು. ಎತ್ತಿ, ತಲೆ ಮೇಲೆ ಹಿಡಿದು, ಬುಡದ ಕಡೆಗೆ ನಡೆದು ಬರ್ತಾ ಇದ್ದ ಹಾಗೆ ಭಾರ ಏರುತ್ತಾ ಹೋಗ್ತದೆ. ಕೈ ಎರಡು ಮೀಟರ್ ಎತ್ತರದಲ್ಲಿದೆ ಅಂತಿಟ್ಕೊಳ್ಳಿ. ಕಂಬ 45 ಡಿಗ್ರಿಗೆ ಬಂದಾಗ ಕೈ ಮೇಲೆ ಸುಮಾರು 34 ಕೆಜಿ. ಇಡೀ ಕಂಬದ ತೂಕಕ್ಕಿಂತ ಹೆಚ್ಚು! ಅರ್ಧ ದಾರಿಯಲ್ಲಿ, ಬಿಡೋಕೂ ಆಗದ ಜಾಗದಲ್ಲಿ.

ಅದಕ್ಕೇ ಹಗ್ಗ, ವಿಂಚು, ಊರುಗೋಲು. ಹಿಂಜಿನ ಹತ್ತಿರ ಕಂಬಕ್ಕೆ ಲಂಬವಾಗಿ ಒಂದು ಗಿಡ್ಡ ಕೋಲು ಕಟ್ಟೋದು. ಕಂಬ ಮಲಗಿದಾಗ ಆ ಕೋಲು ನಿಂತಿರ್ತದೆ, ಕೋಲನ್ನು ಎಳೆದು ಮಲಗಿಸಿದ್ರೆ ಕಂಬ ಏಳ್ತದೆ. ನಾನು ಎರಡು ಮೀಟರಿನ ಕೋಲು ಹಾಕಿ, ಮೂರು ಮೀಟರ್ ದೂರದಲ್ಲಿ ವಿಂಚು ಇಟ್ಟೆ. ಹಗ್ಗದ ಎಳೆತ ಸುಮಾರು 81 ಕೆಜಿ. ಕೋಲು ಒಂದೇ ಮೀಟರ್ ಆಗಿದ್ದಿದ್ದರೆ 140 ದಾಟುತ್ತಿತ್ತು. ಇದೆಲ್ಲ ಎಕ್ಸೆಲ್‌ನಲ್ಲಿ ಚಂದ ಲೆಕ್ಕ ಹಾಕಿದ್ದೆ. ಬಣ್ಣ ಬಣ್ಣದ ಸೆಲ್ಲುಗಳು.

2019ರ ಡಿಸೆಂಬರ್. ಅಪ್ಪ ಊರಿನಿಂದ ಬಂದಿದ್ರು. ಭಾನುವಾರ ಮಧ್ಯಾಹ್ನ ಊಟ ಮಾಡಿ ನಾನು, ನನ್ನ ಗೆಳೆಯ, ಅಪ್ಪ ಟೆರೇಸಿಗೆ ಹೋದೆವು. ನಾನು ವಿಂಚಿನಲ್ಲಿ, ಗೆಳೆಯ ಬುಡದಲ್ಲಿ. ಹಿಂದಿನ ಹಗ್ಗ ಒಂದಿತ್ತು. ಅಪ್ಪನ ಕೈಗೆ ಕೊಟ್ಟು "ನೀವು ಇದನ್ನು ಸುಮ್ಮನೆ ಹಿಡ್ಕೊಂಡಿರಿ" ಅಂದೆ. ಆ 'ಸುಮ್ಮನೆ' ಅನ್ನೋ ಪದ ಇವತ್ತಿಗೂ ಕಿವಿಯಲ್ಲಿದೆ.

ಕಂಬ ಚಂದ ಎದ್ದಿತು. ಏಳ್ತಾ ಏಳ್ತಾ ಹಗುರ ಆಯಿತು. ನಾನು ಖುಷಿಯಲ್ಲಿ ವಿಂಚು ತಿರುಗಿಸ್ತಲೇ ಇದ್ದೆ. 90 ಡಿಗ್ರಿ ಬಂತು, ದಾಟಿತು. ಸಂಜೆಗೆ ಮುಂಚೆ ಸಮುದ್ರದ ಕಡೆಯಿಂದ ಗಾಳಿ ಬರ್ತದಲ್ಲ, ಅದು ಬೆನ್ನಿಗೆ ಒಂದು ಸಣ್ಣ ತಳ್ಳು ಕೊಟ್ಟಿತು. ಅಲ್ಲಿಯವರೆಗೆ ಕಂಬವನ್ನು ಹಿಡಿದಿದ್ದ ವಿಂಚಿನ ಹಗ್ಗ ಸಡಿಲ ಆಗಿ ನೆಲಕ್ಕೆ ಬಿತ್ತು. ಕಂಬ ಈಗ ನನ್ನ ಕಡೆಗೆ ಬೀಳ್ತಾ ಇದೆ, ಅದನ್ನು ತಡೆಯೋಕೆ ಇರೋದು ಅಪ್ಪನ ಕೈಯಲ್ಲಿರುವ ಹಗ್ಗ ಒಂದೇ.

5 ಡಿಗ್ರಿ ವಾಲಿದಾಗ ಆ ಹಗ್ಗದಲ್ಲಿ ಬರೋದು ಹೆಚ್ಚೆಂದರೆ ಮೂರೂವರೆ ಕೆಜಿ. ಯಾರೂ ಹಿಡೀಬಹುದು. 30 ಡಿಗ್ರಿಯಲ್ಲಿ 28 ಕೆಜಿ, ಅದೂ ಓಡ್ತಾ ಇರುವ 28 ಕೆಜಿ. ಅಪ್ಪ ಹಗ್ಗ ಬಿಡಲಿಲ್ಲ. ನೈಲಾನ್ ಹಗ್ಗ ಅಂಗೈಯಲ್ಲಿ ಜಾರಿತು. ಗೆಳೆಯ ಓಡಿಹೋಗಿ ಹಗ್ಗದ ಬಾಲವನ್ನು ನೀರಿನ ಟ್ಯಾಂಕಿನ ಪೈಪಿಗೆ ಎರಡು ಸುತ್ತು ಸುತ್ತಿದ. ಕಂಬ ನಿಂತಿತು. ತುದಿ ಟೆರೇಸಿನ ಕಟ್ಟೆಯಿಂದ ಹತ್ತಿರ ಹತ್ತಿರ ಆಚೆಗೇ ಚಾಚಿತ್ತು. ಕೆಳಗೆ ಗಲ್ಲಿಯಲ್ಲಿ ಮಕ್ಕಳು ಕ್ರಿಕೆಟ್ ಆಡ್ತಾ ಇದ್ರು. ಯಾರೋ ಒಬ್ಬ ಔಟೋ ನಾಟೌಟೋ ಅಂತ ಜಗಳ ಮಾಡ್ತಾ ಇದ್ದದ್ದು ಮೇಲಕ್ಕೆ ಕೇಳಿಸ್ತಿತ್ತು.

ಅಪ್ಪನ ಎರಡೂ ಅಂಗೈಯ ಚರ್ಮ ಹೋಗಿತ್ತು. ಮುಲಾಮು ಹಚ್ಚಿ ಬಟ್ಟೆ ಸುತ್ತಿ ಕೂರಿಸಿದ್ವಿ. ನಾನು ತಲೆ ಎತ್ತಿ ನೋಡಲಿಲ್ಲ. ರಾತ್ರಿ ಊಟ ನನ್ನ ಹೆಂಡತಿ ಅವರಿಗೆ ಚಮಚದಲ್ಲಿ ತಿನ್ನಿಸಿದಳು. ಊಟ ಮುಗಿದ ಮೇಲೆ ಅವರು ಕೇಳಿದ್ದು: "ಎಂತ ಮಾರಾಯ, ಏರಿಸುವ ಲೆಕ್ಕ ಮಾಡಿದ್ದಿ, ಇಳಿಸುವ ಲೆಕ್ಕ ಎಲ್ಲಿ ಉಂಟು?"

ನಿಜಕ್ಕೂ ನನ್ನ ಎಕ್ಸೆಲ್‌ನಲ್ಲಿ ಆ ಶೀಟ್ ಇರಲಿಲ್ಲ. 90 ಡಿಗ್ರಿ ಬಂದ ಮೇಲೆ ಏನು ಅನ್ನೋ ಸಾಲೇ ಇರಲಿಲ್ಲ. ಇನ್ನೊಂದು ನೋಡಿ. ನೆಟ್ಟಗೆ ನಿಂತ ಕಂಬವನ್ನು ಮಲಗಿಸೋಕೆ ಮೊದಲು ಹಿಂದಿನ ಹಗ್ಗದಿಂದ ಎಳೆದು ಹೊರಡಿಸಬೇಕು, ವಿಂಚಿಗೆ ತಳ್ಳೋಕೆ ಬರೋದಿಲ್ಲ. ಅಂದ್ರೆ ಆ ಹಗ್ಗಕ್ಕೂ ವಿಂಚಿನಷ್ಟೇ ಗೌರವ ಸಲ್ಲಬೇಕು. ಅದು ಮನುಷ್ಯನ ಕೈಯಲ್ಲಿ ಇರಲೇಬಾರದು. ಒಂದು ಗಟ್ಟಿ ಗೂಟಕ್ಕೆ ಎರಡು ಮೂರು ಸುತ್ತು ಹಾಕಿ, ಸುತ್ತಿನಿಂದ ಸಡಿಲಿಸ್ತಾ ಹೋಗಬೇಕು. ಊರಿನಲ್ಲಿ ಮರ ಕಡಿದು ಇಳಿಸುವವರು ಬುಡಕ್ಕೆ ಹಗ್ಗ ಸುತ್ತಿ ಬಿಡೋದು ನೋಡಿ ಬೆಳೆದವ ನಾನು. ಟೆರೇಸಿನಲ್ಲಿ ಅದು ನೆನಪಾಗಲಿಲ್ಲ.

ಅಪ್ಪ ಇನ್ನೊಂದು ಮಾತು ಹೇಳಿದ್ರು, ನನ್ನ ಎರಡನೇ ಕಂಬ ಹುಟ್ಟಿದ್ದೇ ಅದರಿಂದ. "ದೋಟಿಯನ್ನು ಯಾರಾದ್ರೂ ಉದ್ದ ಮಾಡಿ ಮತ್ತೆ ಎತ್ತುತ್ತಾರಾ?"

ದೋಟಿ ಅಂದ್ರೆ ಗೊತ್ತಲ್ಲ, ಬಯಲುಸೀಮೆಯವರಿಗೆ ಹೇಳ್ತೇನೆ. ಕೆಳಗೆ ನಿಂತು ಹಣ್ಣು ಕಾಯಿ ಕೀಳುವ ಉದ್ದ ಕೋಲು. ಮೊದಲು ಬಿದಿರಿನದ್ದು. ಈಗ ಅಡಿಕೆ ತೋಟಗಳಲ್ಲಿ ಕಾರ್ಬನ್ ಫೈಬರಿನ ದೋಟಿ ಬಂದಿದೆ. ಒಂದರೊಳಗೆ ಒಂದು ಕೂರುವ ಕೊಳವೆಗಳು, ಎಳೆದರೆ 60 ಅಡಿ, ಅದಕ್ಕಿಂತ ಹೆಚ್ಚಿನದ್ದೂ ಸಿಗ್ತದೆ. ಮರ ಹತ್ತುವ ಕೊನೆಗಾರರು ಸಿಗೋದಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಬಿಡಲೇಬೇಕು. ನಮ್ಮ ಕಡೆಯ ದೊಡ್ಡ ಸಮಸ್ಯೆಗೆ ಬಂದ ಒಂದು ಉತ್ತರ ಇದು. ಇದನ್ನು ಬಳಸುವವರನ್ನು ಗಮನಿಸಿ: ಗಿಡ್ಡ ಇರುವಾಗಲೇ ನೆಟ್ಟಗೆ ನಿಲ್ಲಿಸ್ತಾರೆ, ನಿಂತ ಮೇಲೆ ಒಂದೊಂದೇ ತುಂಡನ್ನು ಮೇಲಕ್ಕೆ ದೂಡ್ತಾರೆ. ಪೂರ್ತಿ ಉದ್ದ ಮಾಡಿದ ದೋಟಿಯನ್ನು ನೆಲದಿಂದ ಎತ್ತೋಕೆ ಹೋದ್ರೆ ಮಧ್ಯದಲ್ಲಿ ಬಳುಕಿ ಮುರೀತದೆ. ಇದು ನಮ್ಮ ತೋಟದ ಕೆಲಸದವನಿಗೆ ಗೊತ್ತು. ಎಂಜಿನಿಯರಿಂಗ್ ಓದಿದ ನನಗೆ ಮುಂಬಯಿಯಲ್ಲಿ ಗೊತ್ತಾಗಬೇಕಾಯಿತು.

ಲಾಕ್‌ಡೌನ್‌ನಲ್ಲಿ ಹೊಸ ಕಂಬ ಮಾಡಿದೆ. ಮೂರು ತುಂಡು, ಮಡಚಿದರೆ 3.2 ಮೀಟರ್. ಅದೇ 18 ಕೆಜಿ, ಅದೇ 6 ಕೆಜಿ. ಗಿಡ್ಡ ಇರುವಾಗಲೇ ಎತ್ತಿದ್ರೆ ಬುಡದಲ್ಲಿ ತಿರುಚು ಬಲ 48. ಮೊದಲು 135 ಇತ್ತು! ತಲೆ ಮೇಲೆ ಹಿಡಿದು ನಡೆಯುವಾಗ 34 ಕೆಜಿ ಬರ್ತಿದ್ದ ಕಡೆ ಈಗ 12. ವಿಂಚೂ ಬೇಡ, ಊರುಗೋಲೂ ಬೇಡ. ಎತ್ತಿ, ಲಿಫ್ಟ್ ರೂಮಿನ ಪಿಲ್ಲರಿಗೆ ಹಾಕಿದ ಕ್ಲಾಂಪಿನೊಳಗೆ ಕೂರಿಸಿ, ಪಿನ್ನು ಹಾಕಿ, ಆಮೇಲೆ ಉದ್ದ ಮಾಡೋದು. ಆ ಕ್ಲಾಂಪಿಗೆ ಸೊಸೈಟಿಯ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿಗೆ ಕೊಟ್ಟ ಮೇಲೇ ಕೈ ಹಾಕಿದ್ದು.

ಮಡಚೋಕೆ ಆಗದ ಕಂಬ ಇದ್ದವರಿಗೆ ಇನ್ನೊಂದು ದಾರಿ ಇದೆ: ಏತ. ಹಳೇ ಕಾಲದಲ್ಲಿ ಬಾವಿಯಿಂದ ನೀರೆತ್ತೋಕೆ ಇರ್ತಿತ್ತಲ್ಲ, ಒಂದು ಬದಿ ಬಾನಿ, ಇನ್ನೊಂದು ಬದಿ ಕಲ್ಲು. ಹಿಂಜನ್ನು ಬುಡದಲ್ಲಿ ಇಡದೆ ಆಳೆತ್ತರದಲ್ಲಿ ಇಟ್ಟು, ಕೆಳಗಿನ ಗಿಡ್ಡ ಬಾಲಕ್ಕೆ ಭಾರ ಕಟ್ಟೋದು. ರೈಲ್ವೆ ಗೇಟಿನ ಕಂಬವೂ ಇದೇ ಜಾತಿ. ಒಂದೇ ಕೈಯಲ್ಲಿ ಏಳ್ತದೆ. ಆದರೆ ಅಷ್ಟು ಭಾರವನ್ನು ಹೊತ್ತು ತಿರುಗೋಕೆ ಆಗೋದಿಲ್ಲ, ಅದು ಒಂದು ಕಡೆ ನೆಲೆ ಕಂಡವರಿಗೆ.

ಉದ್ದ ಮಾಡೋದರಲ್ಲಿ ಸುಲಭ ಇಲ್ಲವಾ ಅಂತ ಕೇಳ್ತೀರಿ. ಇಲ್ಲ. ಒಂದೇ ಹಗ್ಗ ಎಳೆದ್ರೆ ಎಲ್ಲ ತುಂಡೂ ಒಟ್ಟಿಗೆ ಏರುವ ವ್ಯವಸ್ಥೆ ಇರ್ತದೆ. ಅದರಲ್ಲಿ ನಡುವಿನ ತುಂಡು ಒಂದು ಅಡಿ ಏರಿದಾಗ ಮೇಲಿನ ತುಂಡು ಎರಡು ಅಡಿ ಏರ್ತದೆ. ವೇಗ ದುಪ್ಪಟ್ಟು ಆದ್ರೆ ಭಾರವೂ ದುಪ್ಪಟ್ಟು, ಪುಕ್ಕಟೆ ಏನೂ ಇಲ್ಲ. ಒಂದೊಂದು ತುಂಡು 6 ಕೆಜಿ ಅಂತ ಇಟ್ಕೊಳ್ಳಿ. ಏರೋದು ಎರಡು ತುಂಡು ಮತ್ತು ಆಂಟೆನಾ, ಒಟ್ಟು 18 ಕೆಜಿ. ಹಗ್ಗಕ್ಕೆ ಬೀಳೋದು 30. ಜತೆಗೆ ಕೊಳವೆಗಳ ಉಜ್ಜಾಟ. ತುಂಡುಗಳು ಒಂದರೊಳಗೆ ಒಂದು ಸಾಕಷ್ಟು ಉಳಿಯಬೇಕು, ಪೂರ್ತಿ ಎಳೆದುಬಿಟ್ರೆ ಕೀಲಿನಲ್ಲಿ ಬಳುಕ್ತದೆ. ತುಂಡಿನ ಉದ್ದದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ನಾನು ಬಿಡೋದಿಲ್ಲ.

ಅಪಾಯ ಇಲ್ಲೂ ಇಳಿಸುವಾಗಲೇ. ಮುಂಬಯಿಯ ಉಪ್ಪುಗಾಳಿ, ಕಟ್ಟಡ ಕಟ್ಟುವ ಧೂಳು ಸೇರಿ ಕೊಳವೆ ಒಳಗೆ ಅಂಟಿಕೊಳ್ತದೆ. ಹಗ್ಗ ಸಡಿಲಿಸ್ತೀರಿ, ತುಂಡು ಇಳಿಯೋದಿಲ್ಲ. ಇನ್ನೂ ಸಡಿಲಿಸ್ತೀರಿ. ಯಾಕೆ ಇಳಿಯೋದಿಲ್ಲ ಅಂತ ಕೈ ಹಾಕಿ ಅಲ್ಲಾಡಿಸ್ತೀರಿ. ಆಗ ಧಡ್ ಅಂತ ಬರ್ತದೆ, ಬೆರಳು ಹೋಗ್ತದೆ. ನನ್ನ ಪದ್ಧತಿ: ಹಗ್ಗ ಯಾವಾಗಲೂ ಬಿಗಿ. ಸಡಿಲ ಆದ ಕೂಡಲೇ ನಿಲ್ಲಿಸಿ ಮತ್ತೆ ಬಿಗಿ ಮಾಡೋದು. ಪ್ರತಿ ಕೀಲಿಗೂ ಅಡ್ಡ ಪಿನ್ನು, ಪಿನ್ನು ಕೂತ ಮೇಲೇ ಕೈ ತೆಗೆಯೋದು. ಬುಡದಲ್ಲಿ ಒಂದು ತೂತು ಬಿಡಿ, ಇಲ್ಲದಿದ್ರೆ ಕಂಬದೊಳಗೆ ಮಳೆನೀರು ತುಂಬ್ತದೆ. ತೂತು ಬಿಟ್ಟರೆ ಕಣಜ ಗೂಡು ಕಟ್ತದೆ, ಅದಕ್ಕೆ ಜಾಲರಿ. ಇದು ಯಾವ ಪುಸ್ತಕದಲ್ಲಿ ಓದಿದ್ದೂ ಅಲ್ಲ, ಕಚ್ಚಿಸಿಕೊಂಡು ಕಲಿತದ್ದು.

ವಿಂಚು ತಗೊಳ್ಳುವಾಗ ವರ್ಮ್ ಗೇರಿನದ್ದು ನೋಡಿ. ಹಿಡಿ ಬಿಟ್ರೂ ತಿರುಗಿ ಬರೋದಿಲ್ಲ. ನಿಧಾನ, ಆದ್ರೆ ನಿಧಾನವೇ ಬೇಕಾಗಿರೋದು. ಹಾಗೆಯೇ, ಬಾಗಿಸುವ ಕಂಬಕ್ಕೆ ನಾಲ್ಕು ದಿಕ್ಕಿಗೆ ತಂತಿ ಕಟ್ಟುವಾಗ ಎರಡು ಗೂಟ ಹಿಂಜಿನ ನೇರಕ್ಕೆ, ಹಿಂಜಿನಷ್ಟೇ ಎತ್ತರದಲ್ಲಿ ಇರಬೇಕು. ಹಾಗಿದ್ರೆ ಕಂಬ ಏಳುವಾಗಲೂ ಆ ಎರಡು ತಂತಿಯ ಉದ್ದ ಬದಲಾಗೋದಿಲ್ಲ, ಅಡ್ಡಕ್ಕೆ ಅಲ್ಲಾಡೋಕೆ ಬಿಡೋದಿಲ್ಲ. ಗೂಟ ಮೇಲೆ ಕೆಳಗೆ ಆದ್ರೆ ಅರ್ಧದಲ್ಲಿ ಒಂದು ತಂತಿ ಬಿಗಿದು, ಇನ್ನೊಂದು ಜೋತು ಬೀಳ್ತದೆ.

ಗಾಳಿ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಹೋಗ್ತದೆ. ಗಂಟೆಗೆ 40 ಕಿಲೋಮೀಟರ್ ಇದ್ರೆ ಒಂದು ಚದರ ಮೀಟರಿಗೆ ಏಳೂವರೆ ಕೆಜಿ, 80 ಆದ್ರೆ 30. ನಮ್ಮ ಐಎಸ್ 875 ಅನ್ನುವ ಮಾನಕದಲ್ಲಿ ಊರೂರಿಗೆ ಒಂದು ಮೂಲ ಗಾಳಿವೇಗ ಕೊಟ್ಟಿದ್ದಾರೆ. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39, ಮುಂಬಯಿಗೆ 44. 33ಕ್ಕೂ 44ಕ್ಕೂ ಎಂತ ವ್ಯತ್ಯಾಸ ಅನಿಸ್ತದೆ. ಒತ್ತಡದಲ್ಲಿ ನೋಡಿ: ಬೆಂಗಳೂರಲ್ಲಿ 67 ಕೆಜಿ, ಇಲ್ಲಿ 118. ಬೆಂಗಳೂರಿನ ಗೆಳೆಯ ಕಳಿಸಿದ ಡ್ರಾಯಿಂಗ್ ಹಿಡ್ಕೊಂಡು ಇಲ್ಲಿ ಕಂಬ ಮಾಡಬೇಡಿ.

2024ರ ಮೇ 13ರಂದು ಘಾಟ್ಕೋಪರ್‌ನಲ್ಲಿ ಹೋರ್ಡಿಂಗ್ ಪೆಟ್ರೋಲ್ ಪಂಪಿನ ಮೇಲೆ ಬಿತ್ತು, 17 ಜನ ಸತ್ರು. 40 ಅಡಿಗೆ 40 ಅಡಿ ಮಿತಿ ಇರುವ ಕಡೆ 120ಕ್ಕೆ 120 ಇತ್ತು. ಉದ್ದ ಮೂರು ಪಟ್ಟು ಅಂದ್ರೆ ಹಾಳೆ ಒಂಬತ್ತು ಪಟ್ಟು. 80 ಕಿಲೋಮೀಟರ್ ಗಾಳಿಯಲ್ಲಿ ಅಷ್ಟು ದೊಡ್ಡ ಹಾಳೆಗೆ ಸುಮಾರು 40 ಟನ್ ತಳ್ಳು. ನಿಮ್ಮಲ್ಲಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡಿ ಬಂದವರು ಇದ್ದೀರಿ. ಪಕ್ಕದ ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ನೂರು ಅಡಿ ದಾಟುವ ತೇರುಗಳನ್ನು ಎಳೆದು ತರ್ತಾರೆ. ಎತ್ತು, ಟ್ರ್ಯಾಕ್ಟರು, ಸುತ್ತ ಹಗ್ಗ ಹಿಡಿದ ನೂರಾರು ಜನ. 2024ರ ಏಪ್ರಿಲ್‌ನಲ್ಲಿ ಒಂದು ತೇರು ವಾಲಿ ಬಿತ್ತು. 2025ರ ಮಾರ್ಚ್ 22ರಂದು ಗಾಳಿಮಳೆಗೆ ಸಿಕ್ಕಿ ಎರಡು ಬಿದ್ದವು, ಜೀವವೂ ಹೋಯಿತು. ನಾನು ತೇರಿನ ವಿರೋಧಿ ಅಲ್ಲ, ನಮ್ಮೂರ ತೇರಿಗೆ ಈಗಲೂ ರಜೆ ಹಾಕಿ ಹೋಗ್ತೇನೆ. ಆದರೆ ಆ ವಿಡಿಯೋ ನೋಡಿದಾಗ ನನ್ನ ಕಣ್ಣು ಹೋದದ್ದು ಹಗ್ಗ ಹಿಡಿದವರ ಕೈಗೆ. ಗಾಳಿ ಬಂದಾಗ ಗಿಡ್ಡ ಆಗೋಕೆ ಆ ತೇರಿಗೆ ದಾರಿ ಇರಲಿಲ್ಲ. ಹಗ್ಗ ಹಿಡಿದವರಿಗೆ ಬಿಡೋಕೂ ದಾರಿ ಇರಲಿಲ್ಲ.

ಗಿಡ್ಡ ಆಗೋದರ ಲಾಭ ಎಷ್ಟು ಗೊತ್ತಾ? ಕಂಬದ ಮೈಗೆ ಬೀಳುವ ಗಾಳಿಯನ್ನಷ್ಟೇ ಲೆಕ್ಕ ಹಾಕಿದ್ರೆ, ಎತ್ತರ ಅರ್ಧ ಆದಾಗ ಬುಡದ ಮೇಲಿನ ತಿರುಚು ಕಾಲು ಭಾಗಕ್ಕೆ ಇಳೀತದೆ. 2021ರ ಮೇ 16, ತೌಕ್ತೆ ಚಂಡಮಾರುತ ಬರ್ತದೆ ಅಂದ್ರು. ನಾನೊಬ್ಬನೇ ಟೆರೇಸಿಗೆ ಹೋಗಿ ಇಪ್ಪತ್ತು ನಿಮಿಷದಲ್ಲಿ ಕಂಬ ಮಡಚಿ, ಮಲಗಿಸಿ, ಕಟ್ಟಿ ಬಂದೆ. ಮರುದಿನ ಇಡೀ ದಿನ ಕಿಟಕಿ ಹೊಡ್ಕೊಳ್ತಾ ಇತ್ತು, ನಮ್ಮ ರಸ್ತೆಯಲ್ಲೇ ಮರ ಉರುಳಿತು, ಯಾರದ್ದೋ ತಗಡಿನ ಶೀಟು ಬಂದು ನಮ್ಮ ಟೆರೇಸಿನಲ್ಲಿ ಬಿದ್ದಿತ್ತು. ಕಂಬಕ್ಕೆ ಏನೂ ಆಗಲಿಲ್ಲ. ಸೆಕ್ರೆಟರಿ ಕಾಕಾ ಬಂದು ನೋಡಿ, ಏನೂ ಹೇಳದೆ ಹೋದ್ರು. ಅವರ ಮಟ್ಟಿಗೆ ಅದು ಸರ್ಟಿಫಿಕೇಟು.

ಕೊನೆಗೆ ಕರೆಂಟಿನ ವಿಷಯ. ಇದನ್ನು ತಮಾಷೆ ಇಲ್ಲದೆ ಹೇಳ್ತೇನೆ. ಅಲ್ಯೂಮಿನಿಯಂ ದೋಟಿ ಕರೆಂಟ್ ತಂತಿಗೆ ತಾಗಿ ಸತ್ತವರ ಸುದ್ದಿ ನಮ್ಮ ಕಡೆಯ ಪೇಪರಿನಲ್ಲಿ ಮತ್ತೆ ಮತ್ತೆ ಬರ್ತದೆ. ಕಾರ್ಬನ್ ಫೈಬರ್ 'ಫೈಬರ್' ಅಲ್ವಾ, ಪ್ಲಾಸ್ಟಿಕ್ ತರಹ ಅಂತ ತಿಳಿದವರಿದ್ದಾರೆ. ಅಲ್ಲ. ಕಾರ್ಬನ್‌ನಲ್ಲಿ ಕರೆಂಟ್ ಹರೀತದೆ. ನಮ್ಮ ಪಕ್ಕದ ತೋಟದಲ್ಲಿ ಕೆಲಸ ಮಾಡ್ತಿದ್ದ ಒಬ್ಬ ಹೀಗೇ ಹೋದ. ನನಗಿಂತ ಎರಡು ವರ್ಷ ಸಣ್ಣವ, ಜತೆಯಲ್ಲಿ ಶಾಲೆಗೆ ಹೋದವ. ತಂತಿಯನ್ನು ಅವನು ನೋಡಿದ್ದ. ದೋಟಿ ಆ ಕಡೆಗೆ ವಾಲ್ತದೆ ಅಂತ ಎಣಿಸಿರಲಿಲ್ಲ. ಆದ್ದರಿಂದ ಕಂಬ ಎಲ್ಲಿ ನಿಲ್ಲಿಸ್ತೀರಿ ಅನ್ನೋದನ್ನು ನಿಂತ ಜಾಗದಿಂದ ಅಳೆಯಬೇಡಿ, ಬಿದ್ದರೆ ತುದಿ ಎಲ್ಲಿ ಮುಟ್ತದೆ ಅನ್ನೋದರಿಂದ ಅಳೆಯಿರಿ. ಕಂಬದ ಪೂರ್ತಿ ಉದ್ದ, ಅದರ ಮೇಲೆ ಇನ್ನೊಂದಷ್ಟು. ಆ ವೃತ್ತದೊಳಗೆ ಕರೆಂಟ್ ತಂತಿ ಇದ್ರೆ ಆ ಜಾಗ ಬೇಡ. ರೈಲ್ವೆ ಲೈನಿನ ಬದಿಯಂತೂ ಬೇಡವೇ ಬೇಡ, ಲೋಕಲಿನ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇದೆ.

ಅಪ್ಪನ ಅಂಗೈ ವಾಸಿ ಆಗಿದೆ. ಬಲಗೈಯಲ್ಲಿ ಒಂದು ಬಿಳಿ ಗೆರೆ ಉಳಿದಿದೆ. ಅವರು ಮುಂಬಯಿಗೆ ಬರೋದು ಕಡಿಮೆ ಆಯಿತು, ಮಂಡಿನೋವು. ಮೊನ್ನೆ ಫೋನಿನಲ್ಲಿ ಮಳೆ ವಿಚಾರ ಎಲ್ಲ ಆದ ಮೇಲೆ ಕೇಳಿದ್ರು, "ಕಂಬ ಮಲಗಿಸಿದ್ದಿಯಾ?" ಮಲಗಿಸಿದ್ದೇನೆ ಅಂದೆ. ಅದು ಮಲಗಿಯೇ ಇದೆ, ಗಣಪತಿ ಹಬ್ಬದವರೆಗೆ ಏಳಿಸೋದಿಲ್ಲ.

ಪ್ರಶ್ನೆ ಇದ್ರೆ ಕೇಳಿ.

(ಸಭೆಯಿಂದ: ನಮ್ಮದು ಬಾಡಿಗೆ ಮನೆ, ಟೆರೇಸಿಗೆ ಬೀಗ. ಬಾಲ್ಕನಿಯಿಂದ ಏನಾದ್ರೂ ಮಾಡಬಹುದಾ?)

ಮಾಡಬಹುದು. ಮೀನು ಹಿಡಿಯುವ ಗಾಳದ ಕೋಲು ಸಿಗ್ತದಲ್ಲ, ಒಂದರೊಳಗೊಂದು ಕೂರುವಂಥದ್ದು, ಐದಾರು ಮೀಟರಿನದ್ದು. ಗ್ಲಾಸ್ ಫೈಬರಿನದ್ದೇ ಕೇಳಿ ತಗೊಳ್ಳಿ, ಕಾರ್ಬನ್ ಬೇಡ. ಅದಕ್ಕೆ ಸಪೂರ ವಯರ್ ಸುತ್ತಿ, ಬಾಲ್ಕನಿಯ ಕಂಬಿಗೆ ಓರೆಯಾಗಿ ಕಟ್ಟಿ, ರಾತ್ರಿ ಹೊರಗೆ ಚಾಚಿ ಬೆಳಿಗ್ಗೆ ಒಳಗೆ ಎಳ್ಕೊಳ್ಳಿ. ನಾನು ಎರಡು ವರ್ಷ ಹಾಗೇ ಮಾಡಿದೆ, ಶ್ರೀಲಂಕಾದವರ ಜತೆಯೂ ಮಾತಾಡಿದೆ. ಒಂದೇ ವಿಷಯ, ಹೊರಗೆ ಚಾಚುವ ಮೊದಲು ಕೋಲಿನ ಪ್ರತಿ ತುಂಡಿಗೂ ಸೇರಿಸಿ ಒಂದು ಗಟ್ಟಿ ದಾರ ಕಟ್ಟಿ, ಆ ದಾರದ ಇನ್ನೊಂದು ತುದಿ ಮನೆಯೊಳಗೆ ಕಿಟಕಿಯ ಸರಳಿಗೆ ಇರಲಿ. ಕೈಗೆ ಬೇಡ.